ಜೋರು ಮಳೆ ಬಿಟ್ಟ ಮೇಲೆ ಗಾಳ: ಹೊಳೆ, ಕೆರೆಯ ನೀರು ನೋಡಿ ತಿಳಿಯುವುದು ಹೇಗೆ?

ಮಳೆಗಾಲ ಹಿಡಿಯಿತೆಂದರೆ ಒಂದೇ ಪ್ರಶ್ನೆ. "ನಿನ್ನೆಯಿಡೀ ಹೊಡೆದಿದೆ, ಇವತ್ತು ಸ್ವಲ್ಪ ಹೊಳವಾಗಿದೆ. ಗಾಳ ಹಾಕೋಕೆ ಹೋಗಬಹುದಾ?" ಶಿರಸಿಯಿಂದಲೂ ಇದೇ, ಕಾರವಾರದಿಂದಲೂ ಇದೇ. ಮಳೆ ನಿಂತ ಎಷ್ಟನೇ ದಿನಕ್ಕೆ ಮೀನು ಕಚ್ಚುತ್ತದೆ ಅಂತ ಲೆಕ್ಕ ಕೇಳುವವರೂ ಇದ್ದಾರೆ.

ದಿನದ ಲೆಕ್ಕ ನನ್ನಿಂದ ಆಗುವುದಿಲ್ಲ. ಅಘನಾಶಿನಿ ಒಂದು ರಾತ್ರಿಯಲ್ಲಿ ಏರಿ ಮಾರನೇ ದಿನವೇ ಇಳಿಯಲು ಶುರುವಾಗಬಹುದು. ಬನವಾಸಿಯ ವರದೆ ಗದ್ದೆಗೆ ನುಗ್ಗಿತೆಂದರೆ ದಿನಗಟ್ಟಲೆ ಕದಲುವುದಿಲ್ಲ. ಕದ್ರಾ ಅಣೆಕಟ್ಟಿನ ಕೆಳಗಿನ ಕಾಳಿಗಂತೂ ಮಳೆಯದೇ ಲೆಕ್ಕವಿಲ್ಲ. ಆದ್ದರಿಂದ ಆಕಾಶ ನೋಡಿ ಹೊರಡಬೇಡಿ, ನೀರು ನೋಡಿ ಹೊರಡಿ. ನೀರು ಇಳಿಯುತ್ತಿರಬೇಕು, ಜೊತೆಗೆ ತಿಳಿಯಾಗುತ್ತಿರಬೇಕು. ಎರಡೂ ಒಟ್ಟಿಗೆ ಆಗುತ್ತಿದ್ದರೆ ಅದೇ ಹೊತ್ತು. ಒಂದು ತಪ್ಪಿದರೂ ಮನೆಯಲ್ಲೇ ಕೂತು ಹಲಸಿನ ಹಪ್ಪಳ ಸುಟ್ಟುಕೊಂಡು ತಿನ್ನಿ.

ಮಳೆ ಬಿದ್ದ ಮೇಲೆ ಮೀನು ಜಾಸ್ತಿ ಕಚ್ಚುತ್ತದೆ ಅನ್ನುವ ಮಾತು ಸುಳ್ಳೇನಲ್ಲ. ತೋಟ, ಗದ್ದೆ, ಬೇಣಗಳಿಂದ ಎರೆಹುಳ, ಇರುವೆ, ಮಿಡತೆ ಎಲ್ಲ ಕೊಚ್ಚಿಕೊಂಡು ನೀರಿಗೆ ಬೀಳುತ್ತವೆ. ಹರಿವ ನೀರಿಗೆ ಗಾಳಿ ಬೆರೆತು ಮೀನಿಗೆ ಉಸಿರಾಟ ಹಗುರಾಗುತ್ತದೆ. ಆದರೆ ಕೆಂಪು ರಾಡಿ ತುಂಬಿದ ಹೊತ್ತಿನಲ್ಲಿ ಅದೇ ಮೀನಿಗೆ ಕಣ್ಣೂ ಕಾಣದು, ಕಿವಿರಿಗೂ ಮಣ್ಣು. ಸೆಳವು ತಪ್ಪಿಸಿಕೊಂಡು ಎಲ್ಲೋ ಬೇರಿನ ಸಂದಿಯಲ್ಲಿ ಬಾಯಿ ಮುಚ್ಚಿಕೊಂಡು ಕೂರುತ್ತದೆ. ನಮಗೆ ಬೇಕಾಗಿರುವುದು ಈ ಎರಡರ ನಡುವಿನ ಸಮಯ.

1. ನೀರು ಯಾರದ್ದು ಅಂತ ಮೊದಲು ಕೇಳಿ

ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಊರ ಕೆರೆ ಎಂದರೆ ಎಲ್ಲರದ್ದೂ ಎಂದುಕೊಂಡು ಹೋಗಿ ಜಗಳ ಮಾಡಿಕೊಂಡು ಬರುತ್ತಾರೆ. ಸರ್ಕಾರಿ ಕೆರೆಗಳ ಮೀನು ಹಿಡಿಯುವ ಹಕ್ಕನ್ನು ಸಾಮಾನ್ಯವಾಗಿ ಮೀನುಗಾರರ ಸಹಕಾರ ಸಂಘಕ್ಕೋ, ಹರಾಜಿನಲ್ಲಿ ಹಿಡಿದವರಿಗೋ ಗುತ್ತಿಗೆ ಕೊಟ್ಟಿರುತ್ತಾರೆ. ಅದರಲ್ಲಿರುವ ಕಾಟ್ಲಾ, ರೋಹು ಅವರು ದುಡ್ಡು ಕೊಟ್ಟು ಬಿಟ್ಟ ಮರಿಗಳಿಂದ ಬೆಳೆದದ್ದು. ಪಂಚಾಯ್ತಿಯಲ್ಲಿ ಕೇಳಿದರೆ ಗುತ್ತಿಗೆದಾರ ಯಾರೆಂದು ಹೇಳುತ್ತಾರೆ. ಒಂದು ಗಾಳ ಹಾಕಿ ಕೂರುತ್ತೇನೆ ಎಂದರೆ ಎಷ್ಟೋ ಜನ ಬೇಡ ಅನ್ನುವುದಿಲ್ಲ. ಕೇಳದೇ ಹಾಕಿದರೆ ಮಾತ್ರ ಸಿಟ್ಟು ಬರುತ್ತದೆ. ನ್ಯಾಯವೇ ಅಲ್ವಾ?

ಜಲಾಶಯಕ್ಕೆ ಮೀನುಗಾರಿಕೆ ಇಲಾಖೆಯ ಪರವಾನಗಿ ಬೇಕು. ಮೀನು ಮೊಟ್ಟೆ ಇಡುವ ಕಾಲಕ್ಕೆ ನಿರ್ಬಂಧವೂ ಇರಬಹುದು. ಆ ಇಲಾಖೆಯ ತಾಲ್ಲೂಕು ಕಚೇರಿಗೆ ಹೋಗಿ ಕೇಳಿಕೊಂಡೇ ಹೊರಡಿ. ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಒಳಗಿನ ನೀರಿಗೆ ಗಾಳ ಹಾಕುವ ಯೋಚನೆಯೇ ಬೇಡ. ಕೈಗಾ ಅಣುಸ್ಥಾವರದ ಸುತ್ತಲಿನ ಹಿನ್ನೀರಿನಲ್ಲೂ ಕಾವಲಿದೆ. ಇನ್ನು ಸಿಡಿಮದ್ದು, ವಿಷ, ಕರೆಂಟ್ ಬಿಟ್ಟು ಮೀನು ಹಿಡಿಯುವುದು ಅಪರಾಧ. ಒಳನಾಡು ಮೀನುಗಾರಿಕೆಗೆ ಅಂತಲೇ 1996ರ ರಾಜ್ಯ ಕಾಯ್ದೆ ಇದೆ. ಅಂಥವರ ಜೊತೆ ನೋಡೋಕೆ ಅಂತಲೂ ಹೋಗಬೇಡಿ.

2. ನಿಮ್ಮ ಹೊಳೆಯ ಗುಣ ತಿಳಿದುಕೊಳ್ಳಿ

ಉತ್ತರ ಕನ್ನಡದಲ್ಲಿ ಒಂದು ಹೊಳೆಯ ಹಾಗೆ ಇನ್ನೊಂದಿಲ್ಲ. ಒಂದರಲ್ಲಿ ಕಲಿತದ್ದನ್ನು ಇನ್ನೊಂದಕ್ಕೆ ಹಚ್ಚಲು ಹೋದರೆ ಅಪಾಯ.

ಅಘನಾಶಿನಿಗೆ ಅಣೆಕಟ್ಟಿಲ್ಲ. ಶಿರಸಿ, ಸಿದ್ದಾಪುರದ ಘಟ್ಟದ ಮೇಲೆ ಬಿದ್ದ ಮಳೆ ತಡೆಯಿಲ್ಲದೆ ಇಳಿದು ಬರುತ್ತದೆ. ಬೇಗ ಏರುತ್ತದೆ, ಮೇಲೆ ಮಳೆ ಬಿಟ್ಟರೆ ಬೇಗ ಇಳಿಯುತ್ತದೆ. ಗಾಳ ಹಾಕುವವರಿಗೆ ಇದು ಸುಲಭದ ಹೊಳೆ, ಯಾಕೆಂದರೆ ಮೋಸ ಕಡಿಮೆ. ಆದರೆ ಕುಮಟಾದಲ್ಲಿ ನಿಂತು ಕುಮಟಾದ ಆಕಾಶ ನೋಡಿದರೆ ಸಾಲದು, ಶಿರಸಿಯಲ್ಲಿ ಇರುವವರಿಗೆ ಒಂದು ಫೋನ್ ಮಾಡಿ.

ಗಂಗಾವಳಿ ಇನ್ನೂ ದೂರದ ಕತೆ. ಘಟ್ಟದ ಮೇಲೆ ಬೇಡ್ತಿ ಎನ್ನಿಸಿಕೊಳ್ಳುವ ಈ ಹೊಳೆಗೆ ಧಾರವಾಡ, ಕಲಘಟಗಿ ಕಡೆಯ ನೀರೂ ಸೇರುತ್ತದೆ. ಅಂಕೋಲೆಯಲ್ಲಿ ಬಿಸಿಲು ಕಾಯುತ್ತಿದ್ದಾಗಲೂ ಹೊಳೆ ಏರಬಹುದು. ಹಾಗೆ ಏರುವ ನೀರಿಗೆ ಮೊದಲು ಬಣ್ಣ ಬರುತ್ತದೆ, ಕಸಕಡ್ಡಿ ಬರುತ್ತದೆ, ಆಮೇಲೆ ಮಟ್ಟ. ತೇಲುವ ಕಸ ಒಮ್ಮೆಲೇ ಜಾಸ್ತಿಯಾಯಿತೆಂದರೆ ಗಾಳ ಸುತ್ತಿಕೊಂಡು ಮೇಲೆ ಬನ್ನಿ.

ಕಾಳಿ ಪೂರ್ತಿ ಬೇರೆ. ಸೂಪಾ, ಬೊಮ್ಮನಹಳ್ಳಿ, ಕೊಡಸಳ್ಳಿ, ಕೊನೆಗೆ ಕದ್ರಾ ಅಂತ ಅಣೆಕಟ್ಟುಗಳ ಸಾಲೇ ಇದೆ. ಸೂಪಾ ದೊಡ್ಡದು, ತುಂಬಲು ಸಮಯ ತೆಗೆದುಕೊಳ್ಳುತ್ತದೆ. ಕದ್ರಾ ಹಾಗಲ್ಲ, ಅಕ್ಕಪಕ್ಕದ ಕಾಡಿನ ಮಳೆಗೇ ತುಂಬಿ ಗೇಟು ಎತ್ತುವ ಪರಿಸ್ಥಿತಿ ಬರುತ್ತದೆ. 2019ರ ಆಗಸ್ಟ್‌ನಲ್ಲೂ 2021ರ ಜುಲೈನಲ್ಲೂ ಕೆಳಗಿನ ಊರುಗಳಿಗೆ ನೀರು ನುಗ್ಗಿದ್ದು ನಿಮಗೆ ನೆನಪಿರಬಹುದು. ಗೇಟು ಎತ್ತುವ ಮುಂಚೆ ಸೈರನ್ ಕೂಗುತ್ತದೆ, ಮುನ್ನೆಚ್ಚರಿಕೆ ಕೊಡುತ್ತಾರೆ. ಅದು ಬಹಳ ಜನಕ್ಕೆ ಗೊತ್ತು. ಗೊತ್ತಿಲ್ಲದ ಸಂಗತಿ ಇನ್ನೊಂದಿದೆ: ಕದ್ರಾ ವಿದ್ಯುದಾಗಾರದಲ್ಲಿ 50 ಮೆಗಾವ್ಯಾಟ್‌ನ ಮೂರು ಯಂತ್ರಗಳಿವೆ. ನಿಂತಿದ್ದ ಯಂತ್ರ ಶುರುವಾದರೆ ಸಾಕು, ಮಳೆಯೂ ಇಲ್ಲದೆ ಗೇಟೂ ತೆರೆಯದೆ ಕೆಳಗೆ ಹೊಳೆ ಏರುತ್ತದೆ. ನಾನೊಮ್ಮೆ ಅಲ್ಲಿ ಕೆಳಗೆ ಒಣ ಬಂಡೆಯ ಮೇಲೆ ಚಪ್ಪಲಿ ಬಿಟ್ಟು ನಾಲ್ಕು ಮಾರು ಮುಂದೆ ಹೋಗಿ ಕೂತಿದ್ದೆ. ತಿರುಗಿ ನೋಡಿದರೆ ಚಪ್ಪಲಿಯೂ ಇಲ್ಲ, ಬಂಡೆಯೂ ಇಲ್ಲ. ಅಣೆಕಟ್ಟಿನ ಕೆಳಗೆ ಹೊಳೆಯ ನಡುವಿನ ಬಂಡೆಗೆ ಹೋಗಿ ಕೂರುವ ಚಟ ಇದ್ದರೆ ಬಿಡಿ. ಗೇರುಸೊಪ್ಪೆಯ ಕೆಳಗಿನ ಶರಾವತಿಗೂ ಇದೇ ಮಾತು.

ವರದೆ ಪೂರ್ವಕ್ಕೆ ಹರಿಯುವ ಹೊಳೆ, ಬನವಾಸಿಯ ಸುತ್ತ ನೆಲ ಸಮತಟ್ಟು. ಹೊಡೆದುಕೊಂಡು ಹೋಗುವ ಭಯ ಕಡಿಮೆ, ಆದರೆ ನೀರು ಹರಡಿ ನಿಂತು ದಂಡೆ ಯಾವುದು, ಗದ್ದೆ ಯಾವುದು, ಹಳೆಯ ಬಾವಿ ಯಾವುದು ಅಂತ ಗೊತ್ತಾಗುವುದಿಲ್ಲ. ದಂಡೆಯ ಅಂಚು ಕಣ್ಣಿಗೆ ಕಾಣುವವರೆಗೂ ಹೋಗಬೇಡಿ.

ಕೆರೆಗಳ ಬಗ್ಗೆ ಇಷ್ಟೇ: ಕೆರೆ ಹೊಳೆಗಿಂತ ನಿಧಾನ ಕೆಡುತ್ತದೆ, ನಿಧಾನ ತಿಳಿಯಾಗುತ್ತದೆ. ಚಿಕ್ಕ ಕೆರೆಯಲ್ಲಿ ದೊಡ್ಡ ಮಳೆಯ ಮಾರನೇ ಬೆಳಗ್ಗೆ ಮೀನೆಲ್ಲ ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಖುಷಿಪಡಬೇಡಿ. ಕೊಳೆತ ಎಲೆ, ಸಗಣಿ ಎಲ್ಲ ಬಂದು ಸೇರಿ ನೀರಿನಲ್ಲಿ ಆಮ್ಲಜನಕ ಕಡಿಮೆಯಾಗಿದೆ ಅಂತ ಅರ್ಥ. ಆ ಮೀನು ಗಾಳಕ್ಕೆ ಮೂತಿಯೂ ತಾಗಿಸದು. ಗುತ್ತಿಗೆದಾರರಿಗೆ ಸುದ್ದಿ ಮುಟ್ಟಿಸಿ, ಅವರ ಮೀನು ಉಳಿದೀತು.

3. ಮನೆ ಬಿಡುವ ಮುಂಚೆ

ಹವಾಮಾನ ಇಲಾಖೆಯ ಎಚ್ಚರಿಕೆ ನೋಡಿ. 24 ಗಂಟೆಯಲ್ಲಿ 64.5 ಮಿಲಿಮೀಟರ್ ದಾಟಿದರೆ ಅವರ ಭಾಷೆಯಲ್ಲಿ ಭಾರೀ ಮಳೆ, 115.6 ದಾಟಿದರೆ ಅತಿ ಭಾರೀ, 204.4ಕ್ಕಿಂತ ಮೇಲೆ ಹೋದರೆ ಅತ್ಯಂತ ಭಾರೀ. ಹಳದಿ, ಕಿತ್ತಳೆ, ಕೆಂಪು ಎಚ್ಚರಿಕೆಗಳು ಸುಮಾರಾಗಿ ಈ ಮೂರಕ್ಕೆ. ಕಿತ್ತಳೆ, ಕೆಂಪು ಇದ್ದ ದಿನ ಚರ್ಚೆಯೇ ಬೇಡ. ಹಳದಿ ಇದ್ದಾಗ ಹೊಳೆ ಬಿಟ್ಟು ಕೆರೆ ನೋಡಿಕೊಳ್ಳಿ.

ನಿಮ್ಮೂರಿನ ಎಚ್ಚರಿಕೆ ಜೊತೆಗೆ ಹೊಳೆ ಹುಟ್ಟುವ ಕಡೆಯದ್ದನ್ನೂ ನೋಡಿ. ಹೆಚ್ಚಿನವರು ಎಡವುವುದು ಇಲ್ಲೇ. ಗಾಡಿ ನಿಲ್ಲಿಸುವ ಜಾಗವನ್ನೂ ಯೋಚಿಸಿ. 2024ರ ಜುಲೈ 16ರಂದು ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದು ಮಣ್ಣು ಗಂಗಾವಳಿಗೇ ಇಳಿದದ್ದನ್ನು ಈ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಗುಡ್ಡ ಕಡಿದು ಮಾಡಿದ ರಸ್ತೆಯ ಬದಿಗೆ, ಹೊಳೆ ಹತ್ತಿರ ಅನ್ನುವ ಒಂದೇ ಕಾರಣಕ್ಕೆ ಬೈಕ್ ನಿಲ್ಲಿಸಬೇಡಿ.

ಒಬ್ಬರೇ ಹೋಗಬೇಡಿ. ಎಲ್ಲಿಗೆ ಹೋಗುತ್ತಿದ್ದೀರಿ, ಎಷ್ಟು ಹೊತ್ತಿಗೆ ಬರುತ್ತೀರಿ ಅಂತ ಮನೆಯಲ್ಲಿ ಹೇಳಿ. ತುರ್ತಿಗೆ 112.

4. ದಂಡೆಯಲ್ಲಿ ಎರಡು ಪರೀಕ್ಷೆ

ಗಾಳ ಬಿಚ್ಚುವ ಮುಂಚೆ ಅರ್ಧ ಗಂಟೆ ಇದಕ್ಕೆ ಕೊಡಿ. ಖರ್ಚೇನಿಲ್ಲ.

ಮೊದಲನೆಯದು ಕೋಲು. ಒಂದು ಅಡಿಕೆ ದಬ್ಬೆಯ ತುಂಡನ್ನು ನೀರಿನ ಅಂಚಿನಲ್ಲಿ ಊರಿ, ನೀರು ಮುಟ್ಟಿದ ಕಡೆ ಕತ್ತಿಯಿಂದ ಗೀರು ಹಾಕಿ. ಚಹಾ ಕುಡಿದು ಅರ್ಧ ಗಂಟೆ ಬಿಟ್ಟು ನೋಡಿ. ಗೀರು ಮುಳುಗಿದ್ದರೆ ನೀರು ಏರುತ್ತಿದೆ, ವಾಪಸ್ ಹೊರಡಿ. ಗೀರು ನೀರಿನ ಮೇಲೆ ಬಂದಿದ್ದರೆ ಇಳಿಯುತ್ತಿದೆ. ಅಲ್ಲಿಂದಲ್ಲಿಗೇ ಇದ್ದರೆ ಇನ್ನರ್ಧ ಗಂಟೆ ಕಾಯಿರಿ. ಸಮುದ್ರದ ಹತ್ತಿರ, ಅಂದರೆ ಕಾಳಿಯಲ್ಲಿ ಸದಾಶಿವಗಡದ ಕಡೆ, ಅಘನಾಶಿನಿಯಲ್ಲಿ ಉಪ್ಪುನೀರು ಹತ್ತುವ ಗಜನಿ ಗದ್ದೆಗಳ ಬದಿಯಲ್ಲಿ, ಈ ಕೋಲು ಉಬ್ಬರ ಇಳಿತವನ್ನೇ ತೋರಿಸುತ್ತದೆ, ಮಳೆಯ ನೀರನ್ನಲ್ಲ. ಅಲ್ಲಿ ಪಂಚಾಂಗ ನೋಡಬೇಕು. ಅಮಾವಾಸ್ಯೆ, ಹುಣ್ಣಿಮೆಯ ದೊಡ್ಡ ಉಬ್ಬರಕ್ಕೆ ಮೇಲಿನ ನೆರೆ ಸೇರಿದರೆ ನೀರು ಹೊರಹೋಗಲು ಜಾಗವಿಲ್ಲದೆ ದಂಡೆ ಹತ್ತುತ್ತದೆ.

ಎರಡನೆಯದು ಮುಚ್ಚಳ. ಮನೆಯಲ್ಲಿ ಹಳೆಯ ಬಿಳಿ ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳ ಇದ್ದೇ ಇರುತ್ತದೆ. ಅಂಗೈ ಅಗಲದ್ದು ಸಾಕು. ನಡುವೆ ತೂತು ಮಾಡಿ ದಾರ ಪೋಣಿಸಿ, ಕೆಳಗೆ ಒಂದು ದೊಡ್ಡ ನಟ್ ಕಟ್ಟಿ, ಮುಳುಗಬೇಕಲ್ಲ. ದಾರಕ್ಕೆ ಅರ್ಧ ಗೇಣಿಗೊಂದು ಗಂಟು ಹಾಕಿ. ದಂಡೆಯಿಂದ ನಿಧಾನ ಇಳಿಸಿ. ಮೊದಲು ಬಿಳಿ ಬಣ್ಣ ಹಳದಿಯಾಗುತ್ತದೆ, ಆಮೇಲೆ ಚಹಾದ ಬಣ್ಣ, ಆಮೇಲೆ ಅಂಚು ಮಸುಕಾಗಿ ಒಂದು ಕ್ಷಣ ಇದೆಯೋ ಇಲ್ಲವೋ ಅನ್ನಿಸಿ ಮಾಯ. ಆಗ ಎಷ್ಟು ಗಂಟು ಒಳಗೆ ಹೋಗಿವೆ ಎಣಿಸಿ.

ಒಂದು ಗಂಟು ಮುಳುಗುವ ಮೊದಲೇ, ಅಂದರೆ ಅರ್ಧ ಗೇಣಿನೊಳಗೆ ಮಾಯವಾದರೆ ಮನೆಗೆ ಹೋಗಿ. ಅರ್ಧದಿಂದ ಒಂದು ಗೇಣಿನವರೆಗೆ ಕಂಡರೆ ಎರೆಹುಳ ಹಾಕಿ ಕೂರಬಹುದು. ಒಂದರಿಂದ ಎರಡು ಗೇಣು ಇದ್ದರೆ ಆ ದಿನ ರಜೆ ಹಾಕಿದರೂ ತಪ್ಪಿಲ್ಲ. ಅದಕ್ಕಿಂತ ತಿಳಿಯಾದರೆ ಮೀನಿಗೆ ನೀವೂ ಕಾಣುತ್ತೀರಿ, ಸದ್ದು ಮಾಡದೆ ಕೂರಬೇಕು. ಈ ಅಳತೆ ನನ್ನ ಅನುಭವದ್ದು. ನಿಮ್ಮ ಕೆರೆಯ ಮಣ್ಣಿಗೆ ತಕ್ಕ ಹಾಗೆ ಸ್ವಲ್ಪ ಹೆಚ್ಚುಕಡಿಮೆ ಮಾಡಿಕೊಳ್ಳಿ.

5. ಎಲ್ಲಿ ಹಾಕಬೇಕು

ನೆರೆ ಇಳಿಯುವಾಗ ಮೀನು ಹೊಳೆಯ ನಡುವೆ ಇರುವುದಿಲ್ಲ. ಸೆಳವಿನ ಬದಿಯಲ್ಲಿ, ನೀರು ಸುಸ್ತಾಗಿ ನಿಂತ ಹಾಗೆ ಕಾಣುವ ಕಡೆ ಇರುತ್ತದೆ. ತಿರುವಿನ ಒಳಮಗ್ಗುಲು, ಬಿದ್ದ ಮರದ ಹಿಂದೆ, ಚಿಕ್ಕ ಹಳ್ಳ ಬಂದು ಹೊಳೆಗೆ ಸೇರುವ ಬಾಯಿ. ಹಳ್ಳದ ನೀರು ಹೊಳೆಗಿಂತ ಮೊದಲೇ ತಿಳಿಯಾಗಿರುತ್ತದೆ. ಕೆಂಪು ನೀರೂ ತಿಳಿನೀರೂ ಗೆರೆ ಎಳೆದ ಹಾಗೆ ಬೇರೆಯಾಗಿ ಕಾಣುತ್ತಿದ್ದರೆ, ಆ ಗೆರೆಯ ಮೇಲೇ ಗಾಳ ಬೀಳಲಿ. ಮೀನು ಕೆಂಪಿನಲ್ಲಿ ಅಡಗಿ ತಿಳಿಯಲ್ಲಿ ಬಂದದ್ದನ್ನು ಹಿಡಿಯುತ್ತದೆ.

ಕೆರೆಯಲ್ಲಾದರೆ ನೀರು ಒಳಬರುವ ಕಾಲುವೆಯ ಬಾಯಿ ಒಳ್ಳೆಯದು. ಕೋಡಿಯ ಹತ್ತಿರ, ಅಂದರೆ ತುಂಬಿದ ಕೆರೆ ಹೊರಚೆಲ್ಲುವ ಕಡೆ, ಮೀನು ಕಾಣುತ್ತದೆ ನಿಜ. ಆದರೆ ಪಾಚಿಗಟ್ಟಿದ ಕಲ್ಲಿನ ಮೇಲೆ ಕಾಲು ನಿಲ್ಲುವುದಿಲ್ಲ. ಮೊಣಕಾಲು ಮಟ್ಟದ ಸೆಳವು ದೊಡ್ಡ ಆಳನ್ನೂ ಬೀಳಿಸುತ್ತದೆ. ತೂಬಿನ ಹತ್ತಿರ ನೀರಿಗೆ ಇಳಿಯಲೇಬಾರದು, ಒಳಕ್ಕೆ ಎಳೆಯುತ್ತದೆ. ಏರಿಯ ಮೇಲೆ ನಿಲ್ಲುವಾಗ ಏಡಿ ತೂತುಗಳಿರುವ ಮೆತ್ತನೆ ಜಾಗ ಬಿಟ್ಟು ನಿಲ್ಲಿ.

ಗದ್ದೆಯ ಹತ್ತುಮೀನಿನ ಬಗ್ಗೆಯೂ ಕೇಳುತ್ತಾರೆ. ಮೊದಲ ಮಳೆಗೆ ಹೊಳೆಯಿಂದ ಹಳ್ಳ, ಹಳ್ಳದಿಂದ ಗದ್ದೆಗೆ ಮೊಟ್ಟೆ ಇಡಲು ಹತ್ತಿ ಬರುವ ಮೀನು ಅದು. ರಾತ್ರಿ ಬ್ಯಾಟರಿ ಹಿಡಿದು, ಕತ್ತಿ ಹಿಡಿದು ಹೋಗುವುದು ಮಲೆನಾಡಿನಲ್ಲಿ ಹಳೆಯ ರೂಢಿ. ನಾನೂ ತಿಂದು ಬೆಳೆದವನೇ. ಈಗ ಹೋಗುವುದಿಲ್ಲ. ಹೊಟ್ಟೆ ತುಂಬ ಮೊಟ್ಟೆ ಇರುವ ಮೀನನ್ನು ಕಡಿದು ತಂದು, ಆಗಸ್ಟ್‌ನಲ್ಲಿ "ಹೊಳೆಯಲ್ಲಿ ಮೀನೇ ಇಲ್ಲ" ಎನ್ನುವುದು ಸರಿ ಕಾಣಲಿಲ್ಲ.

6. ಗಾಳ, ಎರೆ

ಹತ್ತಾರು ಸಾವಿರದ ರಾಡು ಬೇಕಿಲ್ಲ. ಕೆರೆ, ಹಳ್ಳಕ್ಕೆ ವಾಟೆ ಬಿದಿರಿನ ಕೋಲು, ನೈಲಾನ್ ದಾರ, ಬೆಂಡು ಸಾಕು. ಹೊಳೆಗೆ ರೀಲ್ ಇರುವ ರಾಡು ಅನುಕೂಲ, ದಂಡೆಯಿಂದ ಹಿಂದೆ ನಿಂತೇ ಎಸೆಯಬಹುದು. ಸೆಳವಿದ್ದಾಗ ಸೀಸದ ಗುಂಡು ಮಾಮೂಲಿಗಿಂತ ಭಾರದ್ದಿರಲಿ, ಗಾಳ ತಳ ಹಿಡಿದು ಕೂರಬೇಕು.

ರಾಡಿ ನೀರಿನಲ್ಲಿ ಮೀನು ಮೂಗಿನಿಂದ ಹುಡುಕುತ್ತದೆ. ವಾಸನೆ ಇರುವ ಎರೆ ಹಾಕಿ: ಎರೆಹುಳ, ಕೋಳಿ ಕರುಳು. ಆಗ ಸಿಗುವುದು ಗಿರ್ಲು, ಚೇಳು ಮೀನು, ಅದೃಷ್ಟ ಇದ್ದರೆ ಬಾಳೆ ಮೀನು. ಇವೆಲ್ಲ ಮೀಸೆಯ ಜಾತಿ, ಕಣ್ಣಿಗಿಂತ ಮೀಸೆಯನ್ನೇ ನಂಬಿಕೊಂಡವು. ಎರೆಹುಳವನ್ನು ಪೂರ್ತಿ ಮುದ್ದೆ ಮಾಡಿ ಚುಚ್ಚಬೇಡಿ. ಬಾಲ ಸ್ವಲ್ಪ ಆಡುವ ಹಾಗೆ ಬಿಡಿ.

ನೀರು ತಿಳಿಯಾಗುತ್ತ ಬಂದ ಹಾಗೆ ಗೆಂಡೆ, ರೋಹು ಮೇಯಲು ಹೊರಡುತ್ತವೆ. ಶೇಂಗಾ ಹಿಂಡಿ, ತೌಡು, ಸ್ವಲ್ಪ ಮೈದಾ ಕಲಸಿ ಚಪಾತಿ ಹಿಟ್ಟಿಗಿಂತ ಗಟ್ಟಿ ಉಂಡೆ ಮಾಡಿ. ಮೆತ್ತಗಾದರೆ ಎಸೆದ ಏಟಿಗೇ ಕಳಚಿ ಬೀಳುತ್ತದೆ, ನೀವು ಖಾಲಿ ಗಾಳ ಹಾಕಿಕೊಂಡು ಗಂಟೆಗಟ್ಟಲೆ ಕಾಯುತ್ತೀರಿ.

ಹಾವಿನ ತಲೆಯ ಕೊರವ ಮೀನಿಗೆ, ಅಂಗಡಿಯವರು ಮುರ್ರೆಲ್ ಅನ್ನುತ್ತಾರಲ್ಲ ಅದಕ್ಕೆ, ನೀರು ಇನ್ನೂ ತಿಳಿಯಾಗಬೇಕು. ರಬ್ಬರ್ ಕಪ್ಪೆಯನ್ನು ಹುಲ್ಲಿನ ಅಂಚಿನಲ್ಲಿ ಕುಣಿಸಿದರೆ ಬರುತ್ತದೆ. ಆದರೆ ಮಳೆಗಾಲದಲ್ಲಿ ಒಂದನ್ನು ಗಮನಿಸಿ. ನೀರಿನ ಮೇಲೆ ಕಿತ್ತಳೆ ಬಣ್ಣದ ಚುಕ್ಕಿಗಳ ಗುಂಪೊಂದು ಕುದಿಯುವ ಹಾಗೆ ಮೇಲೆ ಕೆಳಗೆ ಆಡುತ್ತಿರುತ್ತದೆ. ಅವು ಕೊರವದ ಮರಿಗಳು. ಸರಿಯಾಗಿ ಕೆಳಗೆ ತಾಯಿ ತಂದೆ ಕಾವಲಿರುತ್ತವೆ. ಅಲ್ಲಿ ಕಪ್ಪೆ ಎಸೆದರೆ ಹಸಿವಿಲ್ಲದಿದ್ದರೂ ಸಿಟ್ಟಿಗೆ ಕಚ್ಚುತ್ತವೆ. ಹಾಗೆ ಹಿಡಿದು ಫೋಟೋ ಹಾಕುವವರನ್ನು ಕಂಡರೆ ನನಗೆ ಆಗುವುದಿಲ್ಲ. ಅಪ್ಪ ಅಮ್ಮ ಹೋದ ಮೇಲೆ ಆ ಮರಿಗಳನ್ನು ಗಿರ್ಲು ಮುಗಿಸುತ್ತದೆ.

ಹೊಳೆಯ ಬಾಯಿಯಲ್ಲಿ ಗಾಳ ಹಾಕುವವರಿಗೆ ಒಂದು ಮಾತು. ಜೋರು ಮಳೆಗೆ ಸಿಹಿನೀರು ಉಪ್ಪುನೀರನ್ನು ಸಮುದ್ರದ ಕಡೆ ತಳ್ಳುತ್ತದೆ. ಬೇಸಿಗೆಯಲ್ಲಿ ಮೇಲಿನವರೆಗೆ ಬರುತ್ತಿದ್ದ ಉಪ್ಪುನೀರಿನ ಮೀನು ಕೆಳಗೆ ಸರಿಯುತ್ತದೆ. ಮೇ ತಿಂಗಳ ಜಾಗದಲ್ಲೇ ಜುಲೈನಲ್ಲೂ ಕೂತು ಮೀನಿಲ್ಲ ಅಂದರೆ ತಪ್ಪು ಮೀನಿನದ್ದಲ್ಲ.

7. ಸಿಕ್ಕ ಮೇಲೆ

ಗಿರ್ಲು, ಚೇಳು ಮೀನನ್ನು ಬರಿಗೈಯಲ್ಲಿ ಹಿಡಿಯಬೇಡಿ. ಎದೆಯ ಎರಡು ರೆಕ್ಕೆಗಳಿಗೂ ಮುಳ್ಳಿದೆ, ಗಿರ್ಲಿಗೆ ಬೆನ್ನ ಮೇಲೂ ಇದೆ. ಒದ್ದೆ ಬಟ್ಟೆ ಸುತ್ತಿ, ತಲೆಯ ಹಿಂದೆ ಒತ್ತಿ, ಇಕ್ಕಳದಿಂದ ಗಾಳ ಬಿಡಿಸಿ. ಚುಚ್ಚಿತೋ, ಕೈ ತೊಳೆದು ತಡೆಯುವಷ್ಟು ಬಿಸಿನೀರಿನಲ್ಲಿ ಅರ್ಧ ಗಂಟೆಗೂ ಹೆಚ್ಚು ಇಡಿ. ನೋವು ಇಳಿಯುತ್ತದೆ. ಕುದಿಯುವ ನೀರು ಬೇಡ, ಸುಟ್ಟುಕೊಳ್ಳುತ್ತೀರಿ. ಮುಳ್ಳು ಒಳಗೇ ಮುರಿದಿದ್ದರೆ, ಬಾವು ಏರಿದರೆ ಡಾಕ್ಟರ ಹತ್ತಿರ ಹೋಗಿ, ಧನುರ್ವಾಯು ಇಂಜೆಕ್ಷನ್ ಬಗ್ಗೆ ಕೇಳಿ.

ಹೊಟ್ಟೆ ಉಬ್ಬಿದ ಮೊಟ್ಟೆ ಮೀನು ಸಿಕ್ಕರೆ ಕೈ ಒದ್ದೆ ಮಾಡಿಕೊಂಡು ಮೆಲ್ಲಗೆ ವಾಪಸ್ ಬಿಡಿ. ಜಿಲೇಬಿ ಮೀನು (ತಿಲಾಪಿಯಾ), ಆಫ್ರಿಕನ್ ಕ್ಯಾಟ್‌ಫಿಶ್ ಸಿಕ್ಕರೆ ಬಿಡಬೇಡಿ. ಇವು ನಮ್ಮ ನೀರಿನವಲ್ಲ. ಕೆರೆ, ಹೊಂಡ ಕೋಡಿ ಬಿದ್ದಾಗ ಹೊಳೆಗೆ ಸೇರಿಕೊಳ್ಳುತ್ತವೆ, ಇಲ್ಲಿಯ ಮೀನಿನ ಜಾಗವನ್ನೂ ಮೇವನ್ನೂ ಕಿತ್ತುಕೊಳ್ಳುತ್ತವೆ.

8. ಸಣ್ಣದು ಅಂತ ಬಿಡಬಾರದ ಸಂಗತಿಗಳು

ದಾಂಡೇಲಿ ಕಡೆಯ ಕಾಳಿಯಲ್ಲಿ ಮೊಸಳೆಗಳಿವೆ. ನೀರಿನ ಅಂಚಿನಲ್ಲಿ ಕೂತು ಮೀನು ಹೆಚ್ಚುವುದು, ಕರುಳು ಅಲ್ಲೇ ಎಸೆಯುವುದು ಬೇಡ. ನೆರೆಯ ಸಮಯದಲ್ಲಿ ಅವು ಮಾಮೂಲಿ ಜಾಗ ಬಿಟ್ಟು ಬರುತ್ತವೆ.

ಗುಡುಗು ಕೇಳಿಸಿದರೆ ರಾಡು ಕೆಳಗಿಡಿ. ಕಾರ್ಬನ್ ರಾಡು ವಿದ್ಯುತ್ ಹರಿಸುತ್ತದೆ, ಬಯಲು ಏರಿಯ ಮೇಲೆ ಅದನ್ನು ಎತ್ತಿ ಹಿಡಿದು ನಿಲ್ಲುವುದು ಸಿಡಿಲಿಗೆ ಜಾಗ ತೋರಿಸಿದ ಹಾಗೆ. ರಕ್ತ ಹೀರುವ ಉಂಬಳಕ್ಕೆ ಸುಣ್ಣ, ಹೊಗೆಸೊಪ್ಪು ಅಂತ ನಿಮ್ಮ ಮನೆಯ ಉಪಾಯ ಏನಿದೆಯೋ ಅದೇ ಸರಿ.

ಉಂಬಳಕ್ಕಿಂತ ಹೆದರಬೇಕಾದದ್ದು ಇಲಿಜ್ವರಕ್ಕೆ. ಇಲಿ, ದನಗಳ ಮೂತ್ರ ಬೆರೆತ ನಿಂತ ನೀರಿನಿಂದ, ಕಾಲಿನ ಗಾಯ, ಬಿರುಕುಗಳ ಮೂಲಕ ಬರುತ್ತದೆ. ಗಾಯ ಇದ್ದರೆ ನೀರಿಗೆ ಇಳಿಯಬೇಡಿ, ಗಮ್‌ಬೂಟ್ ಹಾಕಿ, ಮನೆಗೆ ಬಂದು ಸಾಬೂನು ಹಚ್ಚಿ ಕಾಲು ತೊಳೆಯಿರಿ. ಒಂದೆರಡು ವಾರದೊಳಗೆ ಜ್ವರ ಬಂದು ಮೀನಖಂಡ ಹಿಡಿದ ಹಾಗೆ ನೋಯುತ್ತಿದ್ದರೆ, ಕಣ್ಣು ಕೆಂಪಾಗಿದ್ದರೆ ಮಳೆಗಾಲದ ಜ್ವರ ಎಂದು ಗುಳಿಗೆ ನುಂಗಿ ಮಲಗಬೇಡಿ. ಆಸ್ಪತ್ರೆಗೆ ಹೋಗಿ, ಹೊಳೆಯ ನೀರಿಗೆ ಇಳಿದಿದ್ದೆ ಅಂತ ಡಾಕ್ಟರಿಗೆ ನೀವಾಗಿಯೇ ಹೇಳಿ. ಅವರು ಕೇಳುತ್ತಾರೆ ಅಂತ ಕಾಯಬೇಡಿ.